ನ್ಯಾಯಮಂಡಳಿಯ ಆದೇಶದಿಂದ ಪಹಣಿಯವರೆಗೆ

ದೇವರಾಜ ಅರಸು ಸರ್ಕಾರದ ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂತು. ಗೇಣಿಗೆ ಕೊಟ್ಟಿದ್ದ ಜಮೀನು ಅಂದೇ ಸರ್ಕಾರಕ್ಕೆ ಸೇರಿತು. ಉಳುತ್ತಿದ್ದವರು ಭೂ ನ್ಯಾಯಮಂಡಳಿಗೆ ಫಾರಂ 7 ಅರ್ಜಿ ಕೊಟ್ಟು ಅಧಿಭೋಗದ ಹಕ್ಕು, ಅಂದರೆ ಆ ಜಮೀನು ತಮ್ಮದಾಗುವ ಹಕ್ಕು ಕೇಳಬೇಕಿತ್ತು. ಅದರ ಗಡುವು ಮುಂದೆ ಹೋಗುತ್ತಾ 1979ರ ಜೂನ್ 30ಕ್ಕೆ ನಿಂತಿತು. ಇಷ್ಟು ಕಥೆ ಎಲ್ಲರಿಗೂ ಗೊತ್ತು. ಆದರೆ ಅಂದು ಗೆದ್ದವರ ಮಕ್ಕಳು, ಮೊಮ್ಮಕ್ಕಳು ಇಂದಿಗೂ ತಾಲ್ಲೂಕು ಕಚೇರಿಗೆ ಅಲೆಯುತ್ತಿರುವುದು ಗೆದ್ದ ನಂತರದ ಹೆಜ್ಜೆಗಳು ಅರ್ಧಕ್ಕೇ ನಿಂತದ್ದರಿಂದ.

ನ್ಯಾಯಮಂಡಳಿಯ ಆದೇಶವೇ ಹಕ್ಕುಪತ್ರವಲ್ಲ. ಆದೇಶದ ನಂತರ ಪ್ರೀಮಿಯಂ, ಅಂದರೆ ಜಮೀನಿಗಾಗಿ ಸರ್ಕಾರಕ್ಕೆ ಕೊಡುವ ಹಣ ನಿಗದಿಯಾಗಬೇಕು, ಅದನ್ನು ಕಟ್ಟಬೇಕು, ತಹಶೀಲ್ದಾರರಿಂದ ಹಕ್ಕಿನ ಪ್ರಮಾಣಪತ್ರವಾದ ಫಾರಂ 10 ಪಡೆಯಬೇಕು. ಅದರ ಮೇಲೆ ಮ್ಯುಟೇಶನ್ (ಖಾತೆ ಬದಲಾವಣೆ) ಆಗಿ ಪಹಣಿಯಲ್ಲಿ ಒಡೆಯರ ಹೆಸರಿರುವ 9ನೇ ಕಾಲಂನಲ್ಲಿ ಹೆಸರು ಕೂರಬೇಕು. ಎಷ್ಟೋ ಮನೆಗಳಲ್ಲಿ ಮಾಸಿದ ಆದೇಶದ ಪ್ರತಿ ಇದೆ, ಫಾರಂ 10 ಇಲ್ಲ. ಹೆಸರು 12(2)ನೇ ಸಾಗುವಳಿ ಕಾಲಂನಲ್ಲೇ ಉಳಿದು, 9ರಲ್ಲಿ ಇನ್ನೂ ಹಳೆಯ ಧಣಿಯೇ ಇದ್ದರೆ ಮೊದಲು ರೆಕಾರ್ಡ್ ರೂಮಿನಿಂದ ನ್ಯಾಯಮಂಡಳಿ ಕಡತದ ದೃಢೀಕೃತ ನಕಲು ತೆಗೆಸಿ. ಪ್ರೀಮಿಯಂ ಕಟ್ಟಿದ ಚಲನ್ ಕೈಯಲ್ಲಿಲ್ಲದಿದ್ದರೆ ಅದರ ದಾಖಲೆಯನ್ನೂ ಹುಡುಕಿಸಿ.

ಅತಿ ಹೆಚ್ಚು ಕಾಡುವುದು ಪೋಡಿ, ಅಂದರೆ ಒಂದು ಸರ್ವೆ ನಂಬರನ್ನು ಅಳೆದು ಒಬ್ಬೊಬ್ಬರ ಭಾಗ ಬೇರೆ ಮಾಡುವುದು. ಎಷ್ಟೋ ಆದೇಶಗಳಲ್ಲಿ ಸರ್ವೆ ನಂಬರು, ವಿಸ್ತೀರ್ಣ ಬಿಟ್ಟರೆ ಚೆಕ್ಕುಬಂದಿಯೂ (ನಾಲ್ಕು ದಿಕ್ಕಿನ ಗಡಿ) ಇಲ್ಲ, ನಕ್ಷೆಯೂ ಇಲ್ಲ. ಉದಾಹರಣೆಗೆ, 6 ಎಕರೆಯ ಒಂದು ನಂಬರಿನಲ್ಲಿ ಮೂವರು ಗೇಣಿದಾರರಿಗೆ ತಲಾ 2 ಎಕರೆ ಎಂದು ಆದೇಶವಾಗಿದೆ ಅಂದುಕೊಳ್ಳಿ. ಅದರಲ್ಲಿ 20 ಗುಂಟೆ ಖರಾಬು (ಸಾಗುವಳಿಗೆ ಬಾರದ ನೆಲ) ಇದ್ದರೆ ಸಾಗುವಳಿಗೆ ಸಿಗುವುದು 5 ಎಕರೆ 20 ಗುಂಟೆ ಮಾತ್ರ. ಕಾಗದದ ಲೆಕ್ಕ ನೆಲದ ಮೇಲೆ ಕೂರುವುದಿಲ್ಲ, ಸರ್ವೆಯವರು ಅರ್ಜಿ ವಾಪಸ್ ಕಳಿಸುತ್ತಾರೆ. ಪೋಡಿಯಾಗದೆ ಹಿಸ್ಸಾ ನಂಬರು ಬೇರೆಯಾಗದು. ಸಾಲ, ವಿಭಾಗ ಎಲ್ಲಕ್ಕೂ ತೊಡಕು. ಸ್ಥಳದಲ್ಲಿ ಅಳತೆ ಮಾಡಿಸಿ, ಸಂಬಂಧಪಟ್ಟವರ ಅಹವಾಲು ಕೇಳಿ, ಆದೇಶದ ವಿಸ್ತೀರ್ಣ ತಿದ್ದಲು ನ್ಯಾಯಮಂಡಳಿಗೆ ಭೂಸುಧಾರಣಾ ಕಾಯ್ದೆಯ 48ಎ ಕಲಂನಲ್ಲೇ ಅಧಿಕಾರವಿದೆ. ಈ ದಾರಿ ಹಿಡಿಯದೆ ಮೂರು ಮನೆಯವರು ಬದುವಿನ ಮೇಲೆ ಜಗಳಕ್ಕೆ ನಿಲ್ಲುವುದು ನಿಜಕ್ಕೂ ಸಂಕಟದ ಸಂಗತಿ.

ಆದೇಶವೇ ಬಿದ್ದುಹೋದ ಪ್ರಕರಣಗಳೂ ಕಡಿಮೆಯಿಲ್ಲ. ಧಣಿಗೆ ಅಥವಾ ಅವರ ವಾರಸುದಾರರಿಗೆ ನೋಟಿಸು ಜಾರಿಯಾಗಿಲ್ಲ, ಸಾಕ್ಷ್ಯ ಸರಿಯಾಗಿ ದಾಖಲಾಗಿಲ್ಲ, ಕಾರಣ ಬರೆಯದೆ ನಾಲ್ಕು ಸಾಲಿನಲ್ಲಿ ತೀರ್ಮಾನ ಮುಗಿಸಲಾಗಿದೆ ಎಂದು ಹೈಕೋರ್ಟ್ ಅಂಥವನ್ನು ರದ್ದುಮಾಡಿ ಮರುವಿಚಾರಣೆಗೆ ಕಳಿಸಿತು. ಆಗ ರೈತ 1974ರ ಮಾರ್ಚ್ 1ಕ್ಕೆ, ಅಥವಾ ಅದರ ತಕ್ಷಣದ ಹಿಂದಿನ ಕಾಲಕ್ಕೆ ತಾನೇ ಗೇಣಿದಾರನಾಗಿದ್ದೆ ಎಂದು ಮತ್ತೆ ತೋರಿಸಬೇಕು. ಆ ವರ್ಷಗಳ ಪಹಣಿ, ಗೇಣಿ ರಸೀದಿ, ಅಕ್ಕಪಕ್ಕದ ಹೊಲದವರ ಹೇಳಿಕೆ ಬೇಕು. ಬಾಯಿಮಾತಿನ ಗೇಣಿಗೆ ರಸೀದಿ ಎಲ್ಲಿಂದ ಬರಬೇಕು? ಹೇಳಿಕೆ ಕೊಡಬಲ್ಲ ಹಿರಿಯರು ಕಡಿಮೆಯಾಗುತ್ತಿದ್ದಾರೆ, ಮರುವಿಚಾರಣೆ ತಡವಾದಷ್ಟೂ ನಷ್ಟ ರೈತನಿಗೇ.

ಅದೇ ಕಾಯ್ದೆಯ 61ನೇ ಕಲಂ ನೆನಪಿರಲಿ: ಅಂತಿಮ ಆದೇಶದಿಂದ 15 ವರ್ಷ ಆ ಜಮೀನು ಮಾರುವಂತಿಲ್ಲ, ದಾನ ಕೊಡುವಂತಿಲ್ಲ, ಗುತ್ತಿಗೆಗೂ ಹಾಕುವಂತಿಲ್ಲ. ಅವಿಭಕ್ತ ಕುಟುಂಬದೊಳಗೆ ಪಾಲು ಮಾಡಿಕೊಳ್ಳಬಹುದು. ಮರುವಿಚಾರಣೆಯಾಗಿದ್ದರೆ ಹಳೆಯ ಆದೇಶದ ತಾರೀಖು ಹಿಡಿದು ಲೆಕ್ಕ ಹಾಕಬೇಡಿ.

ಗೇಣಿಯೂ ಇಲ್ಲದ ಕೂಲಿಯವರಿಗೆ ಈ ಕಾನೂನಿನಿಂದ ದಕ್ಕಿದ್ದು ಕಡಿಮೆ. ಒಡೆಯರು ಇಟ್ಟುಕೊಳ್ಳಬಹುದಾದ ಜಮೀನಿನ ಮಿತಿ ಆಗ ಐದು ಜನರ ಕುಟುಂಬಕ್ಕೆ 10 ಯೂನಿಟ್ ಇತ್ತು. ನೀರಾವರಿಯ ಎ ವರ್ಗದ ಜಮೀನಾದರೆ 10 ಎಕರೆ, ಡಿ ವರ್ಗದ ಖುಷ್ಕಿಯಾದರೆ 54 ಎಕರೆ. ಇಷ್ಟು ಸಡಿಲವಾದ ಮಿತಿ ಮೀರಿ ಕೂಲಿಯವರಿಗೆ ಹಂಚಲು ಉಳಿಯುವ ಜಮೀನು ಎಷ್ಟಿದ್ದೀತು? ಅವರಿಗಾಗಿ ಇದ್ದದ್ದು 38ನೇ ಕಲಂ: ಬೇರೆಯವರ ಜಮೀನಿನಲ್ಲಿ ವಾಸವಿದ್ದ ಕೃಷಿ ಕೂಲಿಗೆ ಆ ಮನೆ ಮತ್ತು ಅದರ ಜಾಗದ ಒಡೆತನ. ಆ ಕೆಲವೇ ಗುಂಟೆಗೂ ಅಳತೆ, ನಕ್ಷೆ, ಮ್ಯುಟೇಶನ್ ಆಗಿದೆಯೇ ಎಂದು ಇವತ್ತೇ ಪಹಣಿ ತೆಗೆದು ನೋಡಿ.