ಔಟ್‌ಪುಟ್ ಫೇಸ್ ಲಾಸ್ ಬಂದರೆ ಮೊದಲು ಮೋಟಾರಿನ ಡಬ್ಬಿ ಬಿಚ್ಚಿ

ಹೊಸೂರಿನ ಸಿಪ್‌ಕಾಟ್ ಕೈಗಾರಿಕಾ ಪ್ರದೇಶದ ಕಡೆ ಕಾರ್ಖಾನೆಗಳಲ್ಲಿ ಡ್ರೈವ್, ಅಂದರೆ ಮೋಟಾರಿಗೆ ಕರೆಂಟ್ ಕೊಟ್ಟು ವೇಗ ನಿಯಂತ್ರಿಸುವ ಸಾಧನ, ಅದರ ಸರ್ವಿಸ್ ನನ್ನ ಕೆಲಸ. 'ಔಟ್‌ಪುಟ್ ಫೇಸ್ ಲಾಸ್ ಅಂತ ತೋರಿಸ್ತಿದೆ, ಡ್ರೈವ್ ಹೋಗಿದೆ ಸಾರ್' ಅಂತ ಫೋನ್ ಬರುತ್ತಲೇ ಇರುತ್ತದೆ. ಮೋಟಾರಿಗೆ ಹೋಗುವ ಮೂರು ಫೇಸಿನಲ್ಲಿ ಒಂದು ಕಡಿದಿದೆ ಅಂತ ಅದರ ಅರ್ಥ. ಹೋಗಿ ನೋಡಿದರೆ ಡ್ರೈವ್ ಸಾಮಾನ್ಯವಾಗಿ ಚೆನ್ನಾಗೇ ಇರುತ್ತದೆ. ತೊಂದರೆ ಇರುವುದು ಅಲ್ಲಿಂದ ಮೋಟಾರಿನವರೆಗಿನ ದಾರಿಯಲ್ಲಿ.

ಡ್ರೈವ್ ಮೂರೂ ಫೇಸಿನ ಕರೆಂಟ್ ಗಮನಿಸುತ್ತಿರುತ್ತದೆ. ಒಂದರಲ್ಲಿ ತೀರಾ ಕಡಿಮೆಯಾಗಿ ಸ್ವಲ್ಪ ಹೊತ್ತು ಹಾಗೇ ಉಳಿದರೆ ಟ್ರಿಪ್, ಅಂದರೆ ಡ್ರೈವ್ ತಾನೇ ನಿಲ್ಲುತ್ತದೆ. ಯಾಸ್ಕಾವಾ ಡ್ರೈವ್‌ನಲ್ಲಿ ಇದರ ಕೋಡ್ ಎಲ್‌ಎಫ್, ಆಲ್ಟಿವಾರ್ ಡ್ರೈವ್‌ನಲ್ಲಿ ಒಪಿಎಫ್. ಡ್ಯಾನ್‌ಫಾಸ್ ವಿಎಲ್‌ಟಿ ಯಾವ ಫೇಸ್ ಅಂತಲೂ ಹೇಳುತ್ತದೆ: ಅಲಾರಂ 30 ಯು, 31 ವಿ, 32 ಡಬ್ಲ್ಯು. ದೊಡ್ಡ ಡ್ರೈವ್‌ಗೆ ಪುಟ್ಟ ಮೋಟಾರ್ ಕಟ್ಟಿ ಟೆಸ್ಟ್ ಮಾಡಿದರೆ ಕರೆಂಟೇ ಸಾಲದೆ ಸುಮ್ನೆ ಟ್ರಿಪ್ ಆಗಬಹುದು. ಡಿಟೆಕ್ಷನ್ ಆಫ್ ಮಾಡಲು ನಾನು ಒಪ್ಪುವುದು ಆ ಟೆಸ್ಟ್ ಹೊತ್ತಿನಲ್ಲಿ ಮಾತ್ರ.

ಒಂದು ಬ್ಲೋವರ್‌ನ ಕತೆ ಹೇಳುತ್ತೇನೆ. ಬೆಳಿಗ್ಗೆ ಚೆನ್ನಾಗಿ ಓಡುತ್ತಿತ್ತು. ಬಿಸಿ ಏರಿದ ಮೇಲೆ ಅಲಾರಂ 31. ಮೀಟರ್ ಹಿಡಿದರೆ ಮೂರೂ ವೈಂಡಿಂಗ್ ಓಮ್ಸ್ ಸಮ. ಸಪ್ಲೈ ಆಫ್ ಮಾಡಿ, ಡ್ರೈವ್ ಮೇಲೆ ಬರೆದಷ್ಟು ನಿಮಿಷ ಕಾದು, ಡ್ರೈವ್ ಒಳಗೆ ಉಳಿದ ವೋಲ್ಟೇಜ್ (ಡಿಸಿ ಬಸ್) ಇಳಿದಿದೆಯಾ ನೋಡಿ, ಮೋಟಾರ್ ತಂತಿ ಮೂರನ್ನೂ ಒಂದೊಂದು ಟರ್ಮಿನಲ್ ಮುಂದಕ್ಕೆ ಸರಿಸಿದೆ. ಎರಡನ್ನೇ ಅದಲು ಬದಲು ಮಾಡಿದರೆ ಬ್ಲೋವರ್ ಉಲ್ಟಾ ತಿರುಗುತ್ತದೆ, ಮೂರನ್ನೂ ಸರಿಸಿದರೆ ದಿಕ್ಕು ಬದಲಾಗುವುದಿಲ್ಲ. ಈ ಸಲ ಬಂದದ್ದು 32. ತಂತಿಯ ಜೊತೆ ಫಾಲ್ಟ್ ಹೋಯಿತು ಅಂದರೆ ಡ್ರೈವ್ ಸರಿಯಿದೆ. 31ರಲ್ಲೇ ನಿಂತಿದ್ದರೆ ಡ್ರೈವ್ ಬಿಚ್ಚಬೇಕಿತ್ತು.

ಮೋಟಾರಿನ ಟರ್ಮಿನಲ್ ಬಾಕ್ಸ್ ತೆಗೆದಾಗ ಒಂದು ಲಗ್ (ತಂತಿ ತುದಿಯ ಲೋಹದ ಕೊಂಡಿ) ಕಪ್ಪಗೆ ಸುಟ್ಟಿತ್ತು, ಸ್ಲೀವ್ ಕಂದು ತಿರುಗಿ ಪುಡಿಯಾಗುತ್ತಿತ್ತು. ವೈಬ್ರೇಷನ್‌ಗೆ ನಟ್ ಸಡಿಲವಾಗಿತ್ತು. ತಣ್ಣಗಿದ್ದಾಗ ತಾಗುತ್ತದೆ, ಲೋಡ್ ಬಂದು ಕಾದಾಗ ಬಿಡುತ್ತದೆ. ಮೀಟರ್ ಕಳಿಸುವ ಚೂರು ಕರೆಂಟಿಗೆ ಇದು ಸಿಕ್ಕುವುದೇ ಇಲ್ಲ. ಸುಟ್ಟ ತುದಿ ಕತ್ತರಿಸಿ, ಹೊಸ ಲಗ್ ಕ್ರಿಂಪ್ ಮಾಡಿ, ಸ್ಪ್ರಿಂಗ್ ವಾಷರ್ ಹಾಕಿ ಬಿಗಿ ಮಾಡಿದೆವು.

ಇದಕ್ಕೂ ಮೊದಲೇ ಸೂಪರ್‌ವೈಸರ್ ಬಂದು, 'ಅಣ್ಣಾ, ಆ ಪ್ಯಾರಾಮೀಟರ್ ಆಫ್ ಮಾಡಿಬಿಡಿ, ಶಿಫ್ಟ್ ಮುಗೀಲಿ' ಅಂದಿದ್ದರು. ಫೇಸ್ ಲಾಸ್ ಡಿಟೆಕ್ಷನ್ ಸೆಟ್ಟಿಂಗ್ ಬಗ್ಗೆ ಹೇಳಿದ್ದು ಅದು. ಅವರ ಒತ್ತಡ ಗೊತ್ತಾಗುತ್ತದೆ. ಆದರೆ ಒಂದು ಫೇಸ್ ಇಲ್ಲದೆ ಅದೇ ಲೋಡ್ ಎಳೆದರೆ ಉಳಿದ ಎರಡರಲ್ಲಿ ಕರೆಂಟ್ ಸುಮಾರು 1.73 ಪಟ್ಟು ಏರುತ್ತದೆ. ವೈಂಡಿಂಗ್ ಸುಡುತ್ತದೆ. ಹಾಯ್ಸ್ಟ್ (ಭಾರ ಎತ್ತುವ ಯಂತ್ರ) ಆಗಿದ್ದರೆ ಇನ್ನೂ ಅಪಾಯ: ಬ್ರೇಕ್ ಬಿಡುತ್ತದೆ, ಮೋಟಾರಿಗೆ ಹಿಡಿಯುವ ಶಕ್ತಿ ಇರುವುದಿಲ್ಲ, ಕೆಳಗೆ ಜನ ಇರುತ್ತಾರೆ.

ಮೆಗ್ಗರ್ (ಹೆಚ್ಚು ವೋಲ್ಟೇಜಿನಲ್ಲಿ ಇನ್ಸುಲೇಷನ್ ನೋಡುವ ಮೀಟರ್) ಹಾಕುವ ಮೊದಲು ಕೇಬಲ್ ಡ್ರೈವ್‌ನಿಂದ ಬಿಡಿಸಲೇಬೇಕು, ಇಲ್ಲವಾದರೆ ಡ್ರೈವ್ ಒಳಗಿನ ಸ್ವಿಚಿಂಗ್ ಟ್ರಾನ್ಸಿಸ್ಟರ್ (ಐಜಿಬಿಟಿ) ಹೋಗುತ್ತದೆ. ಡ್ರೈವ್‌ಗೂ ಮೋಟಾರಿಗೂ ನಡುವೆ ಕಾಂಟ್ಯಾಕ್ಟರ್ (ಕಾಯಿಲ್‌ನಿಂದ ನಡೆಯುವ ಸ್ವಿಚ್) ಇದ್ದರೆ ಅದರ ಪಾಯಿಂಟ್ ಸವೆದಿದೆಯಾ ನೋಡಿ. ಓಡುವಾಗ ಅದು ಬಿಟ್ಟರೂ ಇದೇ ಫಾಲ್ಟ್ ಬರುತ್ತದೆ. ಹಾಗಾಗಿ ಅದರ ಆಕ್ಸಿಲರಿ ಕಾಂಟ್ಯಾಕ್ಟನ್ನು ಡ್ರೈವ್‌ಗೆ ಓಡಲು ಅನುಮತಿ ಕೊಡುವ ಇನ್‌ಪುಟ್‌ಗೆ (ರನ್ ಎನೇಬಲ್) ಕೊಡಿ.