ತಲೆಗೆ ಪೆಟ್ಟಾದ ಮಗು ಮತ್ತೆ ಆಟಕ್ಕಿಳಿಯುವ ಮುನ್ನ: ಒಂಟಾರಿಯೊದಲ್ಲಿ ಅನುಸರಿಸುವ ಕ್ರಮ

ಕೆನಡಾದ ಒಂಟಾರಿಯೊದಲ್ಲಿ ಮಕ್ಕಳನ್ನು ಐಸ್ ಹಾಕಿ, ಸಾಕರ್, ರಗ್ಬಿ ಕ್ಲಬ್ಬಿಗೆ ಸೇರಿಸುವಾಗ ಕನ್‌ಕಷನ್ (ಪೆಟ್ಟು ಅಥವಾ ಜಗ್ಗಾಟದಿಂದ ಮೆದುಳಿನ ಕೆಲಸ ಏರುಪೇರಾಗುವುದು) ಬಗ್ಗೆ ಸರ್ಕಾರ ಸಿದ್ಧಪಡಿಸಿದ ಮಾಹಿತಿಯನ್ನು ಓದಿ ಒಪ್ಪಿಗೆ ಕೊಡಬೇಕು. ಹದಿನೆಂಟರೊಳಗಿನವರಾದರೆ ತಂದೆ ತಾಯಿಯೂ ಓದಬೇಕು. ವರ್ಷಕ್ಕೊಮ್ಮೆ ಇದನ್ನು ಮತ್ತೆ ಮಾಡಬೇಕು. ಊರಿಂದ ಹೊಸದಾಗಿ ಬಂದವರಿಗೆ ಇದು ಇನ್ನೊಂದು ಕಾಗದಪತ್ರ ಅನ್ನಿಸುತ್ತದೆ. ಹಾಗೆ ಅಂದುಕೊಂಡು ಓದದೇ ಸಹಿ ಹಾಕಬೇಡಿ.

ಇದರ ಹಿಂದೆ ಒಬ್ಬ ಹುಡುಗಿಯ ಸಾವಿದೆ. ಒಟ್ಟಾವಾದ ರೋವನ್ ಸ್ಟ್ರಿಂಗರ್‌ಗೆ 17 ವರ್ಷ, ಶಾಲೆಯ ರಗ್ಬಿ ಆಟಗಾರ್ತಿ. 2013ರ ಮೇ ತಿಂಗಳಲ್ಲಿ ಒಂದೇ ವಾರದೊಳಗೆ ಒಂದಕ್ಕಿಂತ ಹೆಚ್ಚು ಬಾರಿ ತಲೆಗೆ ಪೆಟ್ಟು ಬಿತ್ತು. ಆಕೆಗೇ ಅನುಮಾನ ಬಂದು ಫೋನಿನಲ್ಲಿ ಲಕ್ಷಣ ಹುಡುಕಿದ್ದಳು, ಗೆಳತಿಯರ ಹತ್ತಿರ ಹೇಳಿಕೊಂಡಿದ್ದಳು. ಆದರೂ ಮತ್ತೆ ಆಡಿದಳು. ಮೊದಲ ಗಾಯ ಮಾಯುವ ಮುನ್ನ ಇನ್ನೊಂದು ಪೆಟ್ಟು ಬಿದ್ದು ಮೆದುಳು ಊದಿತು, ಜೀವ ಹೋಯಿತು. 2015ರ ವಿಚಾರಣೆಯಲ್ಲಿ 49 ಶಿಫಾರಸುಗಳು ಬಂದವು, 2018ರಲ್ಲಿ ರೋವನ್ಸ್ ಲಾ ಕಾಯ್ದೆಯಾಯಿತು. ಆಡಬೇಕೋ ಬೇಡವೋ ಎಂಬ ತೀರ್ಮಾನವನ್ನು ಪೆಟ್ಟು ತಿಂದವರಿಗೆ ಬಿಡಬಾರದು ಎಂಬುದೇ ಇದರ ತಿರುಳು. ಅನುಮಾನ ಬಂದ ಕ್ಷಣ ಹೊರಗೆ ಕೂರಿಸಬೇಕು, ಆ ದಿನ ಮತ್ತೆ ಇಳಿಸುವಂತಿಲ್ಲ.

ಕನ್‌ಕಷನ್ ಆದರೆ ಪ್ರಜ್ಞೆ ತಪ್ಪುತ್ತದೆ ಎಂಬ ನಂಬಿಕೆಯಿಂದಲೇ ಎಷ್ಟೋ ಪ್ರಕರಣಗಳು ಕಣ್ತಪ್ಪುತ್ತವೆ. ಬಹುಪಾಲು ಮಕ್ಕಳಿಗೆ ಪ್ರಜ್ಞೆ ತಪ್ಪುವುದೇ ಇಲ್ಲ. ಹಣೆಯಲ್ಲಿ ಬೋರೆ ಎದ್ದಿತೋ ಇಲ್ಲವೋ ಎಂಬುದರಿಂದಲೂ ಏನೂ ತಿಳಿಯದು. ತಲೆಗೇ ಬಡಿಯಬೇಕೆಂದೂ ಇಲ್ಲ, ಎದೆಗೆ ಜೋರಾಗಿ ಗುದ್ದಿ ಕುತ್ತಿಗೆ ಜಗ್ಗಿದರೂ ಸಾಕು. ಆ ಜಗ್ಗಾಟದಲ್ಲಿ ಮೆದುಳಿನ ನರತಂತುಗಳು ಸೆಳೆದು, ಜೀವಕೋಶಗಳ ಲವಣಾಂಶಗಳ ಸಮತೋಲ ತಪ್ಪುತ್ತದೆ. ಅದನ್ನು ಸರಿಪಡಿಸಲು ಮೆದುಳಿಗೆ ಹೆಚ್ಚು ಶಕ್ತಿ ಬೇಕಾದ ಹೊತ್ತಿಗೇ ರಕ್ತದ ಹರಿವು ಕಡಿಮೆಯಾಗಿರುತ್ತದೆ. ಈ ಏರುಪೇರು ಸಿಟಿ ಸ್ಕ್ಯಾನಿನಲ್ಲಿ ಕಾಣದು. ಸ್ಕ್ಯಾನ್ ಹೇಳುವುದು ರಕ್ತಸ್ರಾವ ಇದೆಯೇ, ಮೂಳೆ ಬಿರಿದಿದೆಯೇ ಎಂದಷ್ಟೆ. "ಸ್ಕ್ಯಾನ್ ನಾರ್ಮಲ್, ನಾಳೆಯಿಂದ ಆಡಬಹುದು" ಎಂಬ ಮಾತು ಆದ್ದರಿಂದ ತಪ್ಪು.

ಹಾಗಾದರೆ ಏನು ನೋಡಬೇಕು? ತಲೆನೋವು, ತಲೆಸುತ್ತು, ವಾಕರಿಕೆ, ಬೆಳಕು ಸದ್ದು ಸಹಿಸಲಾಗದಿರುವುದು, ಮಂಕು, ಕೇಳಿದ್ದನ್ನೇ ಕೇಳುವುದು, ಕಾರಣವಿಲ್ಲದೆ ಅಳು ಅಥವಾ ಸಿಡುಕು. ಮೈದಾನದಲ್ಲಿ ಹೆಸರು, ಹುಟ್ಟಿದ ದಿನ ಕೇಳಿ ಪ್ರಯೋಜನವಿಲ್ಲ, ಹಳೆಯ ನೆನಪು ಹಾಗೆಯೇ ಇರುತ್ತದೆ. ಇದು ಯಾವ ಮೈದಾನ, ಕೊನೆಯ ಗೋಲು ಹೊಡೆದವರು ಯಾರು, ಹೋದ ವಾರ ಯಾರ ಮೇಲೆ ಆಡಿದೆವು ಎಂದು ಕೇಳಬೇಕು. ಸರಿಯಾಗಿ ಉತ್ತರಿಸಿದರೂ ಪೂರ್ತಿ ನಂಬುವಂತಿಲ್ಲ. 2019ರ ಆಗಸ್ಟಿನಲ್ಲಿ ಲಾರ್ಡ್ಸ್‌ನಲ್ಲಿ ಜೋಫ್ರಾ ಆರ್ಚರ್ ಬೌನ್ಸರ್ ಸ್ಟೀವ್ ಸ್ಮಿತ್ ಕುತ್ತಿಗೆಗೆ ಬಡಿದದ್ದು ಕ್ರಿಕೆಟ್ ನೋಡುವವರಿಗೆಲ್ಲ ನೆನಪಿದೆ. ಅಂದು ಪರೀಕ್ಷೆಗಳಲ್ಲಿ ಪಾಸಾಗಿ ಮತ್ತೆ ಬ್ಯಾಟಿಂಗ್‌ಗೆ ಬಂದರು. ಮರುದಿನ ಬೆಳಿಗ್ಗೆ ಲಕ್ಷಣ ಕಾಣಿಸಿ ಪಂದ್ಯದಿಂದ ಹೊರಗುಳಿದರು, ಮಾರ್ನಸ್ ಲಬುಶೇನ್ ಟೆಸ್ಟ್ ಇತಿಹಾಸದ ಮೊದಲ ಕನ್‌ಕಷನ್ ಬದಲಿ ಆಟಗಾರನಾದರು. ಎರಡು ದಿನ ಕಣ್ಣಿಡಿ ಎನ್ನುವುದು ಇದಕ್ಕೇ.

ವಾಂತಿ ಮರುಕಳಿಸಿದರೆ, ತಲೆನೋವು ಏರುತ್ತಲೇ ಹೋದರೆ, ಕುತ್ತಿಗೆ ನೋವು, ಎರಡೆರಡಾಗಿ ಕಾಣುವುದು, ಕೈಕಾಲು ಜೋಮು ಅಥವಾ ಬಲಹೀನತೆ, ಫಿಟ್ಸ್, ಪ್ರಜ್ಞೆ ತಪ್ಪುವುದು, ಎಬ್ಬಿಸಿದರೂ ಏಳದಷ್ಟು ಮಂಪರು ಕಂಡರೆ ಇಲ್ಲಿ 911, ಕರ್ನಾಟಕದಲ್ಲಿ 108. ಕುತ್ತಿಗೆ ನೋಯುತ್ತಿದ್ದರೆ ಎತ್ತಿ ಕೂರಿಸಬೇಡಿ, ಹೆಲ್ಮೆಟ್ ತೆಗೆಯಬೇಡಿ. ಈ ಅಪಾಯದ ಲಕ್ಷಣಗಳಿಲ್ಲದಿದ್ದರೂ ಡಾಕ್ಟರಿಗೆ ತೋರಿಸಲೇಬೇಕು. ನೋವಿಗೆ ಪ್ಯಾರಸಿಟಮಾಲ್ ಸಾಕು. ರಕ್ತಸ್ರಾವ ಇಲ್ಲವೆಂದು ಖಚಿತವಾಗುವವರೆಗೆ ಆಸ್ಪಿರಿನ್, ಐಬುಪ್ರೊಫೆನ್ ಬೇಡ.

ಒಂದು ವಾರ ಕತ್ತಲೆ ಕೋಣೆಯಲ್ಲಿ ಮಲಗಿಸುವ ಪದ್ಧತಿ ಈಗಿಲ್ಲ. 2022ರಲ್ಲಿ ಆಮ್‌ಸ್ಟರ್‌ಡಾಮ್‌ನಲ್ಲಿ ಸೇರಿದ ತಜ್ಞರು ಒಪ್ಪಿದ ಕ್ರಮದಲ್ಲಿ ಮೊದಲ 24ರಿಂದ 48 ಗಂಟೆ ವಿಶ್ರಾಂತಿ, ಅದೂ ಮನೆಯಲ್ಲಿ ಓಡಾಡಿಕೊಂಡು. ಮೊಬೈಲ್, ಟಿವಿ ಆದಷ್ಟು ಕಡಿಮೆ. ಆಮೇಲೆ ನಿಧಾನ ನಡಿಗೆ ಒಳ್ಳೆಯದೇ. ಎಷ್ಟು ಮಾಡಬಹುದು ಎನ್ನುವುದಕ್ಕೆ ಅಳತೆ ಇದೆ: ಈಗಿನ ತೊಂದರೆಗೆ ಸೊನ್ನೆಯಿಂದ ಹತ್ತರೊಳಗೆ ಅಂಕ ಕೊಡಿಸಿ. ಚಟುವಟಿಕೆಯಿಂದ ಅದು ಎರಡು ಅಂಕದವರೆಗೆ ಏರಿ ಒಂದು ಗಂಟೆಯೊಳಗೆ ಇಳಿದರೆ ಚಿಂತೆಯಿಲ್ಲ. ಅದಕ್ಕಿಂತ ಹೆಚ್ಚಾದರೆ ನಿಲ್ಲಿಸಿ, ಮರುದಿನ ಮತ್ತೆ ಪ್ರಯತ್ನಿಸಿ.

ಮುಂದಿನ ಮೆಟ್ಟಿಲು ಸ್ಟೇಷನರಿ ಸೈಕಲ್ ಅಥವಾ ಬಿರುಸು ನಡಿಗೆ. ಮೊದಲು ಗರಿಷ್ಠ ಹೃದಯ ಬಡಿತದ ಶೇ 55ರವರೆಗೆ, ಒಗ್ಗಿದ ಮೇಲೆ ಶೇ 70ರವರೆಗೆ. 220ರಲ್ಲಿ ವಯಸ್ಸು ಕಳೆದರೆ ಗರಿಷ್ಠ ಬಡಿತದ ಅಂದಾಜು ಸಿಗುತ್ತದೆ. 15ರ ಹುಡುಗನಿಗೆ ಅದು 205, ಹಾಗಾಗಿ ನಿಮಿಷಕ್ಕೆ ಮೊದಲು 113ರ ಒಳಗೆ, ನಂತರ 143ರ ಒಳಗೆ. ಅದಾದ ಮೇಲೆ ತಲೆಗೆ ಪೆಟ್ಟಾಗುವ ಭಯವಿಲ್ಲದ ಒಂಟಿ ಅಭ್ಯಾಸ: ಓಟ, ದಿಕ್ಕು ಬದಲಿಸುವುದು. ಪ್ರತಿ ಮೆಟ್ಟಿಲಿಗೆ ಕನಿಷ್ಠ ಒಂದು ದಿನ.

ಇಲ್ಲೊಂದು ಗಟ್ಟಿ ಗೆರೆ ಇದೆ. ತಂಡದೊಂದಿಗೆ ಮೈ ತಾಗದ ಅಭ್ಯಾಸ, ನಂತರ ಪೂರ್ಣ ಅಭ್ಯಾಸ, ಕೊನೆಗೆ ಪಂದ್ಯ ಎಂಬ ಮೂರು ಹಂತಗಳು ಲಕ್ಷಣವೆಲ್ಲ ಮಾಯವಾದ ಮೇಲೆಯೇ. ಬೆವರಿದಾಗಲೂ ತಲೆನೋವು ಬರಬಾರದು. ಪೂರ್ಣ ಅಭ್ಯಾಸಕ್ಕೆ ಮುಂಚೆ ಒಂಟಾರಿಯೊದಲ್ಲಿ ವೈದ್ಯರ ಅಥವಾ ನರ್ಸ್ ಪ್ರಾಕ್ಟಿಷನರ್ (ಹೆಚ್ಚಿನ ತರಬೇತಿ ಪಡೆದು ತಾವೇ ಚಿಕಿತ್ಸೆ ನೀಡಬಲ್ಲ ನರ್ಸ್) ಅನುಮತಿ ಬೇಕು. ಅದಕ್ಕೂ ಮೊದಲು ಮಗು ಪೂರ್ತಿಯಾಗಿ ಶಾಲೆಗೆ ಮರಳಿರಬೇಕು: ಮೊದಲು ಮನೆಯಲ್ಲಿ 5ರಿಂದ 15 ನಿಮಿಷದ ಓದು, ಆಮೇಲೆ ಅರ್ಧ ದಿನದ ತರಗತಿ, ನಂತರ ಪೂರ್ಣ ದಿನ. ನಮ್ಮವರಲ್ಲಿ ಪರೀಕ್ಷೆಯ ಭಯಕ್ಕೆ ಶಾಲೆಗೆ ಬೇಗ ಕಳಿಸುವ ಅವಸರ ಜಾಸ್ತಿ. ಶಿಕ್ಷಕರಿಗೆ ತಿಳಿಸಿದರೆ ಪರೀಕ್ಷೆ ಮುಂದೂಡುತ್ತಾರೆ, ನಡುನಡುವೆ ವಿಶ್ರಾಂತಿ ಕೊಡುತ್ತಾರೆ, ಕೇಳಲು ಸಂಕೋಚ ಬೇಡ. ನಾಲ್ಕು ವಾರ ದಾಟಿದರೂ ತೊಂದರೆ ಉಳಿದರೆ ಕಾಯುತ್ತ ಕೂರದೆ ಕುತ್ತಿಗೆ, ಸಮತೋಲ, ದೃಷ್ಟಿ ನೋಡುವ ತಜ್ಞರ ಬಳಿ ಹೋಗಬೇಕು. ಹೆಲ್ಮೆಟ್ ಬುರುಡೆಯನ್ನು ಉಳಿಸುತ್ತದೆ, ಒಳಗಿನ ಜಗ್ಗಾಟವನ್ನು ಪೂರ್ತಿ ತಡೆಯದು. "ಹೆಲ್ಮೆಟ್ ಇತ್ತಲ್ಲ" ಎಂದು ಸುಮ್ಮನಾಗಬೇಡಿ.

ಚಳಿಗಾಲದಲ್ಲಿ ಮಕ್ಕಳ ಮನೆಗೆ ಬರುವ ಅಪ್ಪ ಅಮ್ಮಂದಿರಿಗೆ ಇದೇ ಲೆಕ್ಕ ಅನ್ವಯಿಸದು. ರಕ್ತ ತೆಳುಮಾಡುವ ಮಾತ್ರೆ ತೆಗೆದುಕೊಳ್ಳುವವರು ಮಂಜುಗಡ್ಡೆ ಮೇಲೆ ಜಾರಿ ತಲೆ ತಾಗಿಸಿಕೊಂಡರೆ, ನೋವಿಲ್ಲದಿದ್ದರೂ ಅಂದೇ ತುರ್ತು ವಿಭಾಗಕ್ಕೆ ಹೋಗಬೇಕು. ವಯಸ್ಸಾದವರಲ್ಲಿ ನಿಧಾನವಾಗಿ ಒಸರುವ ರಕ್ತ ವಾರಗಳ ನಂತರ ಮರೆವು, ನಡಿಗೆಯ ತಡವರಿಕೆಯಾಗಿ ಕಾಣಿಸಿಕೊಳ್ಳಬಹುದು. ಭೇಟಿಗೆ ಬಂದವರಿಗೆ ಇಲ್ಲಿನ ಸರ್ಕಾರಿ ಆರೋಗ್ಯ ವಿಮೆ ಸಿಗುವುದಿಲ್ಲ, ವೆಚ್ಚಕ್ಕೆ ಹೆದರಿ ವಿಷಯ ಮುಚ್ಚಿಡುವವರೇ ಹೆಚ್ಚು. ಆದ್ದರಿಂದ ಹೊರಡುವ ಮೊದಲೇ ಪ್ರಯಾಣ ವಿಮೆ ಮಾಡಿಸಿ. ಮಾತ್ರೆಗಳ ಚೀಟಿಯಲ್ಲಿ ಬ್ರ್ಯಾಂಡ್ ಹೆಸರಿನ ಪಕ್ಕದಲ್ಲಿ ಮೂಲ ಔಷಧದ ಹೆಸರು, ಪ್ರಮಾಣ ಬರೆಸಿ. ನಮ್ಮ ಬ್ರ್ಯಾಂಡ್‌ಗಳು ಇಲ್ಲಿನ ಡಾಕ್ಟರಿಗೆ ಗೊತ್ತಿರುವುದಿಲ್ಲ.