ಐದು ಎಚ್.ಪಿ. ಎಂಜಿನ್: ನಾಲ್ಕನೇ ವಾರದ ಕೆಲಸ

ಈ ಭಾನುವಾರ ಎಂಜಿನ್ ನಲವತ್ತು ನಿಮಿಷ ಓಡಿತು. ತಾನಾಗಿ ನಿಲ್ಲಲಿಲ್ಲ, ನಾನೇ ನಿಲ್ಲಿಸಿದೆ. ಹಿಂದಿನ ಮೂರು ವಾರ ನೋಡಿದವರಿಗೆ ಇದು ಎಷ್ಟು ದೊಡ್ಡ ಮಾತೆಂದು ಗೊತ್ತು.

ಮೊದಲ ಸಲ ಓದುವವರಿಗಾಗಿ ಎರಡು ಮಾತು. ಆನೆಗೊಂದಿ ಕಡೆಯ ನಮ್ಮ ಗದ್ದೆಗೆ ಹೊಳೆಯಿಂದ ನೀರೆತ್ತಲು ಅಪ್ಪ ಇಟ್ಟುಕೊಂಡಿದ್ದ ಡೀಸೆಲ್ ಎಂಜಿನ್ ಇದು. ಒಂದೇ ಸಿಲಿಂಡರ್, 80 ಮಿ.ಮೀ. ಬೋರ್ (ಸಿಲಿಂಡರಿನ ಒಳವ್ಯಾಸ), 110 ಮಿ.ಮೀ. ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ), ನಿಮಿಷಕ್ಕೆ 1500 ಸುತ್ತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟಿನ ಚೈನು ತುಂಡಾಗಿ, ಉಳಿದ ಗೇಟುಗಳನ್ನೂ ತೆರೆದು ಹೊಳೆಗೆ ನೀರು ಬಿಟ್ಟಾಗ, ನಾಲ್ಕು ಜನ ಸೇರಿ ಇದನ್ನು ದಂಡೆಯಿಂದ ಮೇಲಕ್ಕೆ ಎಳೆದು ತಂದು ಶೆಡ್ಡಿನಲ್ಲಿ ಇಟ್ಟೆವು. ಇಟ್ಟದ್ದು ಅಲ್ಲೇ ಉಳಿಯಿತು. ಹೊಳೆಯ ನೀರು ಮಾಡದ ಹಾಳನ್ನು ಶೆಡ್ಡಿನ ನೆರಳು ಮಾಡಿತು. ಡೀಸೆಲ್ ಎಂಜಿನ್ ಓಡಿದರೆ ಸವೆಯುತ್ತದೆ, ನಿಂತರೆ ಕೆಡುತ್ತದೆ. ಸವೆತ ನಿಧಾನ, ಕೆಡುವುದು ಬೇಗ.

ಮೊದಲೆರಡು ವಾರ ಸುಲಭದ ಕೆಲಸಗಳಾದವು. ಕಪ್ಪಾಗಿದ್ದ ಆಯಿಲ್ ಇಳಿಸಿ ಹೊಸದು ಹಾಕಿದೆ, ಏರ್ ಕ್ಲೀನರ್ ತೊಳೆದೆ, ಸಿಲಿಂಡರನ್ನು ತಂಪಾಗಿಡುವ ನೀರಿನ ಜಾಕೆಟ್ಟಿನೊಳಗೆ ಗಟ್ಟಿಯಾಗಿದ್ದ ಎರೆಮಣ್ಣನ್ನು ತಂತಿಯಿಂದ ಕೆರೆದು ತೆಗೆದೆ.

ಮೂರನೇ ವಾರ ಡೀಸೆಲ್ ಟ್ಯಾಂಕಿನ ತಳದಲ್ಲಿದ್ದುದನ್ನು ಒಂದು ಗಾಜಿನ ಬಾಟಲಿಗೆ ಇಳಿಸಿ ಕಿಟಕಿಯಲ್ಲಿಟ್ಟೆ. ಸಂಜೆಯ ಹೊತ್ತಿಗೆ ಮೂರು ಪದರ ಕಂಡವು: ಕೆಳಗೆ ನೀರು, ಮೇಲೆ ಡೀಸೆಲ್, ನಡುವೆ ಗಂಜಿಯ ಕೆನೆಯಂಥ ಕಂದು ಲೋಳೆ. ಅರ್ಧ ಖಾಲಿ ಟ್ಯಾಂಕಿನ ಗಾಳಿಯಲ್ಲಿರುವ ತೇವ ರಾತ್ರಿ ತಂಪಿಗೆ ಹನಿಗಟ್ಟಿ ತಳಕ್ಕೆ ಇಳಿಯುತ್ತದೆ, ಆ ನೀರಿನಲ್ಲೇ ಲೋಳೆ ಬೆಳೆಯುತ್ತದೆ. ಎಂಜಿನ್ ನಿಲ್ಲಿಸಿಡುವವರು ಟ್ಯಾಂಕ್ ತುಂಬಿಸಿಯೇ ಇಡಬೇಕು. ನಾವು ಇಡಲಿಲ್ಲ.

ಸಿಲಿಂಡರಿನೊಳಗೆ ಡೀಸೆಲ್ ಚಿಮ್ಮಿಸುವ ನಾಜಲನ್ನು ಗಂಗಾವತಿಗೆ ಒಯ್ದೆ. ಅಲ್ಲಿನ ಹಿರಿಯ ಮಿಸ್ತ್ರಿ ಅದನ್ನು ಟೆಸ್ಟರಿಗೆ ಹಾಕಿ ಹಿಡಿಕೆ ಒತ್ತಿದರು. ಮಂಜಿನಂತೆ ಚಿಮ್ಮಬೇಕಾದ ಡೀಸೆಲ್ ತೊಟ್ಟಿಕ್ಕಿತು. ಸ್ವಚ್ಛ ಮಾಡಿ ಮತ್ತೆ ಒತ್ತಿದಾಗ 'ಕಿರ್' ಎಂದು ಸದ್ದು ಬಂದು ಬಿಳಿ ಹೊಗೆಯಂತೆ ಹರಡಿತು. ನಾನು ಕೈ ಚಾಚಿದ್ದೆ. "ತಮ್ಮಾ, ಕೈ ಹಿಂದಕ್ಕೆ ತೆಗೆದುಕೊ, ಅದು ಚರ್ಮದೊಳಗೆ ಹೋಗುತ್ತದೆ" ಎಂದು ಗದರಿದರು. ಪೂರ್ಣ ವೇಗದಲ್ಲಿ ಈ ನಾಜಲ್ ಎರಡು ಸುತ್ತಿಗೊಮ್ಮೆ, ಅಂದರೆ ನಿಮಿಷಕ್ಕೆ 750 ಸಲ ಹೀಗೆ ಚಿಮ್ಮಬೇಕು. ಒಂದು ಕಣ ಕಸ ಸಾಕು, ಅದರ ಲಯ ತಪ್ಪಲು.

ಇನ್ನು ಈ ವಾರದ ಕಥೆ. ಡೀಸೆಲ್ ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ, ಡೀಸೆಲ್ ದಾರಿಯಲ್ಲಿ ಸೇರಿಕೊಂಡಿದ್ದ ಗಾಳಿ ತೆಗೆದೆ. ಮೊದಲು ನೊರೆ ಬಂತು, ಆಮೇಲೆ ಗುಳ್ಳೆ, ಕೊನೆಗೆ ತಿಳಿ ಡೀಸೆಲ್. ಸಿಲಿಂಡರಿನ ಒತ್ತಡ ಬಿಡಿಸಿ ತಿರುಗಿಸಲು ಹಗುರ ಮಾಡುವ ಡಿಕಂಪ್ರೆಷನ್ ಲಿವರ್ ಎತ್ತಿ ಹ್ಯಾಂಡಲ್ ತಿರುಗಿಸಿದೆ. (ಹೆಬ್ಬೆರಳನ್ನು ಉಳಿದ ಬೆರಳುಗಳ ಪಕ್ಕದಲ್ಲೇ ಇಡಿ, ಸುತ್ತಿ ಹಿಡಿಯಬೇಡಿ, ಹ್ಯಾಂಡಲ್ ಹಿಂದಕ್ಕೆ ಒದ್ದರೆ ಬೆರಳು ಉಳಿಯುವುದಿಲ್ಲ.) ವೇಗ ಹಿಡಿದ ಮೇಲೆ ಲಿವರ್ ಬಿಟ್ಟೆ. ಶುರುವಾಯಿತು! ಮೂರು ನಿಮಿಷ ಓಡಿ, ಉಸಿರು ಸಿಕ್ಕಿಹಾಕಿಕೊಂಡವರಂತೆ ತಡವರಿಸಿ ನಿಂತಿತು.

ಮತ್ತೆ ಗಾಳಿ ತೆಗೆದೆ, ಮತ್ತೆ ಮೂರು ನಿಮಿಷ. ಡೀಸೆಲ್ ಪೈಪಿನ ಜೋಡಣೆಗಳಲ್ಲಿರುವ ತಾಮ್ರದ ವಾಷರುಗಳಿಂದ ಗಾಳಿ ನುಗ್ಗುತ್ತಿದೆಯೇನೋ ಎಂದು ಅನುಮಾನ ಬಂತು. ಅವನ್ನು ಬಿಚ್ಚಿ, ಅಡುಗೆಮನೆಯ ಒಲೆಯ ಮೇಲೆ ಕೆಂಪಗೆ ಕಾಯಿಸಿ ನೀರಿಗೆ ಹಾಕಿದೆ. ಗಡಸಾದ ತಾಮ್ರ ಹಾಗೆ ಮಾಡಿದರೆ ಮೆತ್ತಗಾಗಿ ಚೆನ್ನಾಗಿ ಕೂರುತ್ತದೆ. ಅವ್ವ ಏನೂ ಅನ್ನದೆ ಇಕ್ಕಳ ಕೊಟ್ಟಳು. ಆದರೂ ಅದೇ ಮೂರು ನಿಮಿಷ.

ಶನಿವಾರ ಸಂಜೆ ಅಪ್ಪ ಹೊರಸಿನ ಮೇಲೆ ಕುಳಿತೇ ಕೇಳಿದರು: "ಟ್ಯಾಂಕಿನ ಮುಚ್ಚಳ ನೋಡಿದೆಯಾ?"

ನೋಡಿರಲಿಲ್ಲ. ಮುಚ್ಚಳ ತಿರುಗಿಸಿದೊಡನೆ 'ಸುಸ್' ಎಂದು ಟ್ಯಾಂಕ್ ಗಾಳಿ ಎಳೆದುಕೊಂಡಿತು. ಮುಚ್ಚಳದಲ್ಲಿರುವ ಸಣ್ಣ ತೂತಿಗೆ ಕಡಜವೊಂದು ಮಣ್ಣು ಮೆತ್ತಿತ್ತು, ಒಣಗಿ ಕಲ್ಲಾಗಿತ್ತು. ಡೀಸೆಲ್ ಕೆಳಗಿಳಿದಷ್ಟು ಗಾಳಿ ಒಳಗೆ ಬರಬೇಕು. ಬಾರದಿದ್ದರೆ ಟ್ಯಾಂಕ್ ಡೀಸೆಲನ್ನು ಹಿಡಿದಿಟ್ಟುಕೊಳ್ಳುತ್ತದೆ. ಇಡೀ ವಾರ ನಾನು ಒಳಗೆ ಸೇರಿದ ಗಾಳಿಯನ್ನು ಹುಡುಕುತ್ತಿದ್ದೆ, ಎಂಜಿನ್ನಿಗೆ ಬೇಕಿದ್ದ ಗಾಳಿ ಹೊರಗೇ ನಿಂತಿತ್ತು. ಮಣ್ಣನ್ನು ಸೂಜಿಯಿಂದ ಚುಚ್ಚಿ ತೆಗೆದೆ.

ಭಾನುವಾರ 200 ಲೀಟರಿನ ಡ್ರಮ್ಮಿನಿಂದ ಜಾಕೆಟ್ಟಿಗೆ ಎರಡು ಪೈಪು ಜೋಡಿಸಿ ಓಡಿಸಿದೆ. ಬಿಸಿನೀರು ಮೇಲಿನ ಪೈಪಿನಿಂದ ತಾನಾಗಿ ಡ್ರಮ್ಮಿಗೆ ಹೋಗುತ್ತದೆ, ತಣ್ಣೀರು ಕೆಳಗಿನಿಂದ ಬರುತ್ತದೆ. ಮೊದಲ ಐದು ನಿಮಿಷ ಬಿಳಿ ಹೊಗೆ, ಆಮೇಲೆ ಕಣ್ಣಿಗೆ ಕಾಣದಷ್ಟು ತೆಳು. ಅಪ್ಪ ಎದ್ದು ಬಂದು ಟ್ಯಾಂಕಿನ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ನಿಂತರು. "ಲೋಡ್ ಇಲ್ಲದೆ ಬಹಳ ಹೊತ್ತು ಓಡಿಸಬೇಡ, ನಾಜಲಿಗೆ ಮಸಿ ಕಟ್ಟುತ್ತದೆ" ಎಂದರು. ಆಗಲೇ ನಿಲ್ಲಿಸಿದ್ದು.

ಮುಂದಿನ ವಾರ ಪಂಪಿನ ಶಾಫ್ಟಿನ ಸುತ್ತ ನೀರು ಸೋರದಂತೆ ತಡೆಯುವ ಗ್ಲ್ಯಾಂಡ್ ಹಗ್ಗ ಬದಲಿಸಬೇಕು. ನೀರು ಹೀರುವ ಪೈಪಿನ ತುದಿಯಲ್ಲಿ ನೀರು ಹಿಂದಕ್ಕೆ ಇಳಿಯದಂತೆ ತಡೆಯುವ ಫುಟ್‌ವಾಲ್ವಿನ ತೊಗಲು ಒಣಗಿ ಮುರುಟಿದೆ, ಗಂಗಾವತಿಯಿಂದ ಹೊಸದು ತರಬೇಕು.